ವಿಡಿಯೊ ಆಟಗಳಲ್ಲಿ ಚಿತ್ರದ ಸ್ಥಾನ: ಒಂದು ವಿಮರ್ಶೆ

ವಿಡಿಯೊ ಆಟವೊಂದರ ಯೋಗ್ಯತೆಯನ್ನು ನಿರ್ಣಯಿಸುವಾಗ ಅದರ ಚಿತ್ರಗಳು ನಿಜವನ್ನು ಎಷ್ಟರಮಟ್ಟಿಗೆ ಹೋಲುತ್ತವೆಂಬುದನ್ನು ಮೊದಲು ನೋಡಬೇಕೇ, ಅಥವಾ ಕಲ್ಪನೆಯ ಸ್ವೋಪಜ್ಞತೆಯನ್ನೂ ಆಡುವ ಬಗೆಯನ್ನೂ ಮೊದಲು ನೋಡಬೇಕೇ ಎಂಬ ಚರ್ಚೆ ಈಗ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ಇದು ಹುಡುಗರ ಹರಟೆಯ ವಿಷಯ, ಸಂಶೋಧನ ಪತ್ರಿಕೆಗೆ ತಕ್ಕುದಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ಕಲೆಯಲ್ಲಿ ಅನುಕರಣಕ್ಕೆ ಎಷ್ಟು ಬೆಲೆ ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಹೊಸ ವೇಷದಲ್ಲಿ ಬಂದಿದೆ. ಲೋಕದ ನಡೆವಳಿಯನ್ನು ಇದ್ದಂತೆ ತೋರಿಸುವುದನ್ನು ಲೋಕಧರ್ಮಿಯೆಂದೂ ಸಂಕೇತದಿಂದ ತೋರಿಸುವುದನ್ನು ನಾಟ್ಯಧರ್ಮಿಯೆಂದೂ ಭರತನು ನಾಟ್ಯಶಾಸ್ತ್ರದಲ್ಲಿ ವಿಂಗಡಿಸಿದ್ದಾನೆ. ದೊಡ್ಡಾಟದ ಪಾತ್ರಧಾರಿಯು ರಂಗವನ್ನು ಒಂದು ಸುತ್ತು ಬಂದರೆ ಊರಿನಿಂದ ಊರಿಗೆ ಹೋದನೆಂದು ನಮ್ಮ ಹಳ್ಳಿಯ ಪ್ರೇಕ್ಷಕನು ಒಪ್ಪಿಕೊಳ್ಳುತ್ತಾನೆ. ದಾರಿಯ ಚಿತ್ರವನ್ನು ಅವನು ಕೇಳುವುದಿಲ್ಲ.

ಮೊದಲು ಪದಗಳ ಅರ್ಥವನ್ನು ಗೊತ್ತುಮಾಡಿಕೊಳ್ಳೋಣ. ಗ್ರಾಫಿಕ್ಸ್ ಎಂಬುದನ್ನು ಇಲ್ಲಿ ‘ಚಿತ್ರ’ವೆಂದೂ, ಗೇಮ್‌ಪ್ಲೇ ಎಂಬುದನ್ನು ‘ಆಟದ ನಡೆ’ಯೆಂದೂ ಕರೆಯುತ್ತೇವೆ. ನಡೆಯೆಂದರೆ ನಿಯಮ, ಆ ನಿಯಮದೊಳಗೆ ಆಡುವವನಿಗಿರುವ ಆಯ್ಕೆ, ಆ ಆಯ್ಕೆಯಿಂದ ಒದಗುವ ಫಲ, ಈ ಮೂರೂ ಸೇರಿದ್ದು. ಯಾರೂ ಹಿಂದೆ ಕಾಣದಿದ್ದ ನಡೆಯೊಂದನ್ನು ಕಾಣುವುದು ಸ್ವೋಪಜ್ಞತೆ.

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯವರಿಗೆ ಹುಲಿ-ಕುರಿಯಾಟವನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಟ್ಟೆಯ ಕಲ್ಲಿನ ಮೇಲೆ ಸುಣ್ಣದಿಂದಲೋ ಇದ್ದಲಿನಿಂದಲೋ ಗೆರೆ ಎಳೆದರೆ ಮಣೆ ಸಿದ್ಧವಾಯಿತು. ದೊಡ್ಡ ಹರಳು ಹುಲಿ. ಸಣ್ಣ ಹರಳು ಕುರಿ. ಹುಲಿ ಮೂರು, ಕುರಿ ಹದಿನೈದು ಎಂಬುದು ಅದರ ಒಂದು ಪ್ರಕಾರ. ಹುಲಿಯು ಕುರಿಯನ್ನು ಹಾರಿ ಕೊಲ್ಲುತ್ತದೆ. ಕುರಿಗಳು ಒಟ್ಟುಗೂಡಿ ಹುಲಿಗೆ ಹೆಜ್ಜೆಯಿಡಲು ಎಡೆಯಿಲ್ಲದಂತೆ ಕಟ್ಟಿಹಾಕುತ್ತವೆ. ಎರಡು ಪಕ್ಷಗಳ ಬಲವೂ ಬೇರೆ, ಗೆಲ್ಲುವ ಬಗೆಯೂ ಬೇರೆ. ಇಲ್ಲಿ ಚಿತ್ರವೆಂಬುದು ಇಲ್ಲವೇ ಇಲ್ಲ. ಆದರೂ ಮೂರನೆಯ ಹುಲಿ ಸಿಕ್ಕಿಬಿದ್ದಾಗ ಆಡುವವನ ಎದೆಯಲ್ಲಿ ಉಂಟಾಗುವ ಕಳವಳವು ನಿಜವಾದದ್ದು. ಅದನ್ನು ಹುಟ್ಟಿಸಿದ್ದು ನಡೆ.

ಚಿತ್ರಕ್ಕೆ ಆಟದಲ್ಲಿ ಸ್ಥಾನವೇ ಇಲ್ಲವೆಂದು ಇದರಿಂದ ತೀರ್ಮಾನಿಸಲಾಗದು. ಆ ಹರಳುಗಳಿಗೆ ‘ಹುಲಿ’, ‘ಕುರಿ’ ಎಂಬ ಹೆಸರುಗಳಿರದಿದ್ದರೆ ನಿಯಮವು ಅಷ್ಟು ಬೇಗ ಮನಸ್ಸಿಗೆ ಹತ್ತುತ್ತಿರಲಿಲ್ಲ. ಹೆಸರು ಮಾಡುವ ಈ ಕೆಲಸವನ್ನೇ ಚಿತ್ರವೂ ಮಾಡುತ್ತದೆ. ಆಟದಲ್ಲಿ ಚಿತ್ರವು ಮುಖ್ಯವಾಗಿ ಒಂದು ಸಂಜ್ಞೆ. ನಿಯಮವು ಕಣ್ಣಿಗೆ ತಿಳಿಯುವಂತೆ ಮಾಡುವುದು ಅದರ ಮೊದಲ ಕರ್ತವ್ಯ. ಧಾರವಾಡ ಸೀಮೆಯ ಕಸೂತಿಯನ್ನು ನೋಡಿರಿ. ಬಟ್ಟೆಯ ಎಳೆಗಳನ್ನು ಎಣಿಸಿ ಹಾಕಿದ ನೇರವಾದ ಹೊಲಿಗೆಗಳಿಂದಲೇ ಅಲ್ಲಿ ಆನೆ, ಗೋಪುರ, ತೇರುಗಳು ಮೂಡುತ್ತವೆ. ಮುರಗಿ ಹೊಲಿಗೆಯ ಮೆಟ್ಟಿಲು ಮೆಟ್ಟಿಲಾದ ಅಂಚು ಯಾವ ಆನೆಗೂ ಇಲ್ಲ. ಆದರೂ ಅದು ಆನೆಯೆಂದು ಮಗುವಿಗೂ ತಿಳಿಯುತ್ತದೆ. ಚೌಕಗಳನ್ನು ಎಣಿಸಿ ಚಿತ್ರ ಬರೆದ ಮೊದಮೊದಲ ವಿಡಿಯೊ ಆಟಗಳ ರೀತಿಯೂ ಇದೇ ಆಗಿತ್ತು.

ವಿಡಿಯೊ ಆಟಗಳ ಇತಿಹಾಸವು ಈ ಮಾತನ್ನು ಸಮರ್ಥಿಸುತ್ತದೆ. ೧೯೭೮ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾದೊ ಅವರು ‘ಸ್ಪೇಸ್ ಇನ್‌ವೇಡರ್ಸ್’ ಆಟವನ್ನು ರಚಿಸಿದರು. ಪರದೆಯ ಮೇಲಿನ ಶತ್ರುಗಳು ಕಡಿಮೆಯಾದಂತೆ ಯಂತ್ರದ ಹೊರೆ ಇಳಿದು, ಉಳಿದ ಶತ್ರುಗಳು ವೇಗವಾಗಿ ಚಲಿಸತೊಡಗಿದವು. ಯಂತ್ರದ ಈ ದೌರ್ಬಲ್ಯವನ್ನು ಅವರು ತಿದ್ದದೆ ಆಟದ ಗುಣವಾಗಿ ಉಳಿಸಿಕೊಂಡರು. ೧೯೮೪ರಲ್ಲಿ ಮಾಸ್ಕೋದ ಅಲೆಕ್ಸೇ ಪಾಜಿತ್ನೊವ್ ಅವರು ‘ಟೆಟ್ರಿಸ್’ ಆಟವನ್ನು ಕಟ್ಟಿದ ಎಲೆಕ್ಟ್ರಾನಿಕಾ ೬೦ ಎಂಬ ಯಂತ್ರಕ್ಕೆ ಚಿತ್ರ ಬರೆಯುವ ಶಕ್ತಿಯೇ ಇರಲಿಲ್ಲ. ಆವರಣ ಚಿಹ್ನೆಗಳೇ ಅಲ್ಲಿ ಇಟ್ಟಿಗೆಗಳಾದವು. ೧೯೮೯ರಲ್ಲಿ ನಿಂಟೆಂಡೊ ಸಂಸ್ಥೆಯು ಹೊರತಂದ ‘ಗೇಮ್ ಬಾಯ್’ ಯಂತ್ರಕ್ಕೆ ಬಣ್ಣವಿರಲಿಲ್ಲ. ಮರುವರ್ಷ ಸೆಗಾ ಸಂಸ್ಥೆಯ ‘ಗೇಮ್ ಗಿಯರ್’ ಬಣ್ಣದ ಪರದೆಯೊಡನೆ ಬಂದಿತು. ಆದರೆ ಅದು ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗುತ್ತಿತ್ತು. ನಾಲ್ಕು ಸೆಲ್ಲುಗಳಿಂದ ಬಹಳ ಹೊತ್ತು ನಡೆಯುತ್ತಿದ್ದ ಬಣ್ಣವಿಲ್ಲದ ಯಂತ್ರವೇ ಮಾರುಕಟ್ಟೆಯಲ್ಲಿ ಗೆದ್ದಿತು. ಇನ್ನು ೨೦೧೧ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ‘ಮೈನ್‌ಕ್ರಾಫ್ಟ್’ ಆಟದಲ್ಲಿ ಮರ, ಮಣ್ಣು, ಕುರಿಗಳೆಲ್ಲವೂ ಚೌಕದ ಗಡ್ಡೆಗಳು. ೨೦೨೩ರ ಹೊತ್ತಿಗೆ ಅದರ ೩೦ ಕೋಟಿಗಿಂತ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು.

ನಮ್ಮ ನಾಡಿನ ಇನ್ನೊಂದು ನಿದರ್ಶನವೂ ವಿಚಾರಾರ್ಹವಾಗಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಗಂಜೀಫಾ ಎಲೆಗಳಿಂದ ಆಡುವ ಹಲವು ಆಟಗಳನ್ನು ಶ್ರೀತತ್ತ್ವನಿಧಿಯಲ್ಲಿ ವಿವರಿಸಿದ್ದಾರೆ. ಕೆಲವು ಆಟಗಳಲ್ಲಿ ಎಲೆಗಳ ಪಂಗಡಗಳೇ ಹದಿನೆಂಟರವರೆಗೆ ಇವೆ. ಚಿತ್ರಗಳ ವೈಭವಕ್ಕೆ ಕೊರತೆಯಿರಲಿಲ್ಲ. ಅರಮನೆಯ ಆಶ್ರಯವೂ ಇತ್ತು. ಆದರೂ ಆ ಆಟಗಳು ಜನರಲ್ಲಿ ಹಬ್ಬಲಿಲ್ಲ. ಇಂದು ಮೈಸೂರಿನ ಗಂಜೀಫಾ ಉಳಿದಿರುವುದು ಬಹುಮಟ್ಟಿಗೆ ಚಿತ್ರಕಲೆಯಾಗಿ. ನಿಯಮಗಳ ಜಟಿಲತೆಯೂ ಇದಕ್ಕೆ ಕಾರಣವೆಂಬುದನ್ನು ಮರೆಯಬಾರದು. ಆದರೆ ನಮ್ಮ ವಾದಕ್ಕೆ ಬೇಕಾದುದೂ ಅದೇ: ನಡೆಯು ಜನರಿಗೆ ಒಗ್ಗದಿದ್ದಲ್ಲಿ ಚಿತ್ರದ ಸೊಬಗು ಆಟವನ್ನು ಕಾಪಾಡಲಾರದು.

ಪ್ರತಿಪಕ್ಷದ ಪ್ರಬಲವಾದ ವಾದವನ್ನೂ ಈಗ ಪರಿಶೀಲಿಸಬೇಕು. ಕೆಲವು ಆಟಗಳಲ್ಲಿ ಯಥಾರ್ಥತೆಯೇ ನಡೆಯ ಭಾಗವಾಗಿರುತ್ತದೆ. ೨೦೨೦ರಲ್ಲಿ ಬಂದ ಮೈಕ್ರೋಸಾಫ್ಟ್ ಸಂಸ್ಥೆಯ ‘ಫ್ಲೈಟ್ ಸಿಮ್ಯುಲೇಟರ್’ ಉಪಗ್ರಹ ಚಿತ್ರಗಳ ಆಧಾರದಿಂದ ಇಡೀ ಭೂಮಂಡಲವನ್ನು ಒಳಗೊಂಡಿದೆ. ಆದುದರಿಂದ ನರಗುಂದದ ಗುಡ್ಡವೂ ಗಜೇಂದ್ರಗಡದ ಬೆಟ್ಟಸಾಲೂ ಅದರ ಹೊರಗಿಲ್ಲ. ವಿಮಾನ ನಡೆಸುವವನು ಕೆಳಗಿನ ನೆಲವನ್ನು ಗುರುತಿಸಿ ದಾರಿ ಹಿಡಿಯಬೇಕು. ಮೋಡವನ್ನು ಕಂಡು ಎಚ್ಚರಗೊಳ್ಳಬೇಕು. ಇಲ್ಲಿ ನೆಲದ ಚಿತ್ರವು ನಿಜವನ್ನು ಹೋಲದಿದ್ದರೆ ಆಟವೇ ಕೆಡುತ್ತದೆ. ಈ ವಾದವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಆದರೆ ಒಪ್ಪಿದ ಕಾರಣವನ್ನು ಗಮನಿಸಬೇಕು. ನಡೆಯು ಬೇಡಿದ್ದರಿಂದ ಚಿತ್ರವು ಅಲ್ಲಿ ಯಥಾರ್ಥವಾಗಬೇಕಾಯಿತು. ಆಲಂಕಾರಿಕರು ಔಚಿತ್ಯವೆಂದು ಕರೆದದ್ದು ಇದನ್ನೇ. ನಡೆ ಬೇಡಿದಷ್ಟು ಯಥಾರ್ಥತೆ ಗುಣ; ಅದಕ್ಕೆ ಮೀರಿದ್ದು ಒಡವೆ.

ಒಡವೆಯಿದ್ದರೆ ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ, ಅದು ನಮ್ಮ ವಿದ್ಯಾರ್ಥಿಗಳಿಗೆ ನೇರವಾಗಿ ಸಂಬಂಧಿಸಿದ್ದು. ಬೆಂಗಳೂರಿನಲ್ಲಿ ೧೯೯೭ರಲ್ಲಿ ರಾಜೇಶ್ ರಾವ್ ಅವರು ಸ್ಥಾಪಿಸಿದ ‘ಧ್ರುವ ಇಂಟರಾಕ್ಟಿವ್’ ಭಾರತದ ಮೊದಮೊದಲ ಆಟ-ನಿರ್ಮಾಣ ಸಂಸ್ಥೆಗಳಲ್ಲಿ ಒಂದು. ವಿದೇಶೀ ಆಟಗಳಿಗೆ ಬೇಕಾದ ಚಿತ್ರಕಾರ್ಯವನ್ನು ಮಾಡಿಕೊಟ್ಟು ಅದು ಹೆಸರು ಗಳಿಸಿತು. ೨೦೧೭ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆಗೂ, ೨೦೧೯ರಲ್ಲಿ ರಾಕ್‌ಸ್ಟಾರ್ ಸಂಸ್ಥೆಗೂ ಅದರ ಒಡೆತನ ಸೇರಿತು. ಆ ಕಲಾವಿದರ ಕೌಶಲದ ಬಗ್ಗೆ ನಮಗೆ ಗೌರವವಿದೆ. ಆ ಉದ್ಯೋಗದಿಂದ ಅನೇಕ ಮನೆಗಳಿಗೆ ಅನ್ನ ದೊರೆತಿದೆ. ಆದರೆ ಯಥಾರ್ಥ ಚಿತ್ರವೇ ಆಟದ ಸರ್ವಸ್ವವೆಂದು ನಂಬಿದ ವಿದ್ಯಾರ್ಥಿಯು ಇನ್ನೊಬ್ಬರು ಕಲ್ಪಿಸಿದ ಆಟಕ್ಕೆ ಚಿತ್ರ ಬರೆಯುವುದರಲ್ಲಿಯೇ ತೃಪ್ತನಾಗುವ ಸಂಭವವುಂಟು. ಯಥಾರ್ಥ ಚಿತ್ರಕ್ಕೆ ನೂರಾರು ಕಲಾವಿದರ ಹಲವು ವರ್ಷಗಳ ದುಡಿಮೆ ಬೇಕು, ಬೆಲೆಯುಳ್ಳ ಯಂತ್ರಗಳು ಬೇಕು. ರೋಣದ ಕಾಲೇಜಿನ ವಿದ್ಯಾರ್ಥಿಯ ಕೈಯಲ್ಲಿ ಇವೆರಡೂ ಇಲ್ಲ. ಹೊಸ ನಡೆಯನ್ನು ಕಾಣುವುದಕ್ಕೆ ಅವು ಬೇಕಾಗಿಯೂ ಇಲ್ಲ.

ಒಂದು ಉದಾಹರಣೆಯಿಂದ ಈ ಮಾತನ್ನು ಪರೀಕ್ಷಿಸೋಣ. ನರಗುಂದದ ೧೮೫೮ರ ಬಂಡಾಯವನ್ನು ಆಟವಾಗಿಸಬೇಕೆಂದು ಒಬ್ಬ ವಿದ್ಯಾರ್ಥಿ ಬಯಸಿದನೆನ್ನೋಣ. ಕೋಟೆಯ ಒಂದೊಂದು ಕಲ್ಲನ್ನೂ ಇದ್ದಂತೆ ಚಿತ್ರಿಸಿ, ಅದರೊಳಗೆ ಓಡಾಡುತ್ತ ಗುಂಡು ಹಾರಿಸುವ ಆಟವನ್ನು ಅವನು ಮಾಡಬಹುದು. ಆ ಕೋಟೆಯ ಬದಲು ಬೇರೆ ಯಾವ ದೇಶದ ಕೋಟೆಯನ್ನಿಟ್ಟರೂ ಆ ಆಟವು ಬದಲಾಗುವುದಿಲ್ಲ. ನರಗುಂದವು ಅಲ್ಲಿ ಕೇವಲ ಪರದೆ. ಇನ್ನೊಂದು ಬಗೆಯುಂಟು. ದತ್ತಕಕ್ಕೆ ಅನುಮತಿ ದೊರೆಯದ, ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಗೆ ಗುರಿಯಾದ ಭಾಸ್ಕರರಾವ್ ಭಾವೆಯ ಮುಂದೆ ಯಾವ ದಾರಿಗಳಿದ್ದವು? ನೆರೆಯ ಸಂಸ್ಥಾನಿಕರಲ್ಲಿ ಯಾರನ್ನು ನಂಬಬಹುದಾಗಿತ್ತು? ಅದೇ ಕಾಲದಲ್ಲಿ ಕೊಪ್ಪಳದಲ್ಲಿ ಎದ್ದ ಮುಂಡರಗಿ ಭೀಮರಾಯನೊಡನೆ ಕೂಡಿಕೊಳ್ಳಲು ಎಷ್ಟು ಸಮಯವಿತ್ತು? ಸುರೇಬಾನದಲ್ಲಿ ಕಂಪನಿ ಸರಕಾರದ ಅಧಿಕಾರಿ ಮ್ಯಾನ್ಸನ್ ಹತನಾದ ಮೇಲೆ ಹಿಂದಿರುಗುವ ಹಾದಿ ಉಳಿದಿತ್ತೇ? ಕೋಟೆ ಬಿದ್ದು ಭಾಸ್ಕರರಾಯನು ಬೆಳಗಾವಿಯಲ್ಲಿ ಗಲ್ಲಿಗೇರಿದುದನ್ನು ನಾವೆಲ್ಲ ಓದಿದ್ದೇವೆ. ಓದಿನಲ್ಲಿ ಅದು ಮುಗಿದುಹೋದ ಸಂಗತಿ. ಆಟದಲ್ಲಿ ಆ ನಿರ್ಧಾರದ ಭಾರವು ಆಡುವವನ ಮೇಲೆಯೇ ಬೀಳುತ್ತದೆ. ಬಲಗಳು ಸಮವಲ್ಲದ ಇಂಥ ಹೋರಾಟಕ್ಕೆ ಬೇಕಾದ ನಡೆಯ ಮಾದರಿಯು ಹುಲಿ-ಕುರಿಯಾಟದಲ್ಲಿ ಆಗಲೇ ಇದೆ. ಇಂಥ ಆಟವನ್ನು ನಕ್ಷೆಯ ಮೇಲೆ ಹರಳುಗಳನ್ನಿಟ್ಟು ಕೂಡ ಆಡಬಹುದು. ಅದರಿಂದ ಗಳಿಸುವ ಇತಿಹಾಸದ ಅರಿವು ಮೊದಲನೆಯ ಆಟದಿಂದ ದೊರೆಯದು.

ಈ ವಿಚಾರಗಳಿಂದ ನಾವು ಮುಟ್ಟುವ ನಿರ್ಣಯವಿಷ್ಟು. ಆಟದಲ್ಲಿ ನಡೆಯು ಪ್ರಧಾನ. ಚಿತ್ರವು ಅದಕ್ಕೆ ಅಂಗ. ಅಂಗವೆಂದ ಮಾತ್ರಕ್ಕೆ ಅದು ಅಲಕ್ಷ್ಯಕ್ಕೆ ಯೋಗ್ಯವಲ್ಲ. ಸಂಜ್ಞೆಯು ಅಸ್ಪಷ್ಟವಾದರೆ ನಡೆಯೂ ಮಸುಕಾಗುತ್ತದೆ. ಆದುದರಿಂದ ಆಟ ರಚಿಸಬಯಸುವ ವಿದ್ಯಾರ್ಥಿಗಳಿಗೆ ನಮ್ಮ ಸೂಚನೆಯೊಂದಿದೆ. ಗಣಕಯಂತ್ರದ ಮುಂದೆ ಕೂರುವ ಮೊದಲು ನಿಮ್ಮ ಆಟವನ್ನು ಕಾಗದದ ಮೇಲೋ ಕಟ್ಟೆಯ ಮೇಲೋ ಹರಳುಗಳಿಂದ ಗೆಳೆಯರೊಡನೆ ಆಡಿ ನೋಡಿರಿ. ವಿಮಾನದಾಟದಂತೆ ಕಣ್ಣಿನ ಗುರುತನ್ನೇ ಅವಲಂಬಿಸಿದ ಆಟಗಳಿಗೂ, ಕೈಚಳಕವನ್ನೇ ನೆಚ್ಚಿದ ಆಟಗಳಿಗೂ ಈ ಪರೀಕ್ಷೆ ಪೂರ್ತಿ ಅನ್ವಯಿಸದು. ಉಳಿದವಕ್ಕೆ ಬಹುಮಟ್ಟಿಗೆ ಅನ್ವಯಿಸುತ್ತದೆ. ಹರಳುಗಳಿಂದ ಆಡಿದಾಗಲೂ ಗೆಳೆಯನು ಇನ್ನೊಂದಾಟವೆಂದು ಕೇಳಿದರೆ, ಆಮೇಲೆ ಚಿತ್ರಕಾರನನ್ನು ಕರೆಯಬಹುದು.