ಓಬವ್ವನ ಕಿಂಡಿ: ಕೋಟೆಯ ರಚನೆ ಮತ್ತು ಐತಿಹ್ಯದ ಓದು

ಚಿತ್ರದುರ್ಗದ ಕೋಟೆಯನ್ನು ಕುರಿತ ಬರಹಗಳು ಬಹುಮಟ್ಟಿಗೆ ಎಣಿಕೆಯಿಂದಲೇ ಆರಂಭವಾಗುತ್ತವೆ: ಏಳು ಸುತ್ತು, 19 ಹೆಬ್ಬಾಗಿಲು, 38 ದಿಡ್ಡಿ, 35 ಕಳ್ಳಗಂಡಿ. ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿರುವ ಈ ಪಟ್ಟಿ ಕೋಟೆಯ ವಿಸ್ತಾರವನ್ನು ತಿಳಿಸುತ್ತದೆಯೇ ಹೊರತು ಅದು ದಿನನಿತ್ಯ ನಡೆಯುತ್ತಿದ್ದ ಬಗೆಯನ್ನಲ್ಲ. ಆ ಬಗೆಯನ್ನು ಬಲ್ಲ ಆಕರವೊಂದು ಜನರ ಬಾಯಲ್ಲಿ ಉಳಿದಿದೆ. ಅದೇ ಒನಕೆ ಓಬವ್ವನ ಐತಿಹ್ಯ. ಆದರೆ ಇದನ್ನು ವಿದ್ವಾಂಸರು ‘ನಡೆದದ್ದೇ, ಇಲ್ಲವೇ’ ಎಂಬ ಪ್ರಶ್ನೆಗೂ ಅಭಿಮಾನಿಗಳು ಆರಾಧನೆಗೂ ಸೀಮಿತಗೊಳಿಸಿದ್ದಾರೆ.

ದುರ್ಗದಲ್ಲಿ ಗೋಡೆಯಷ್ಟೇ ಕೋಟೆಯಲ್ಲ, ಬೆಟ್ಟವೂ ಕೋಟೆಯೇ. ಹೆಬ್ಬಂಡೆ ಇರುವಲ್ಲಿ ಅದನ್ನೇ ಗೋಡೆಯಾಗಿಸಿ, ಬಂಡೆಗಳ ನಡುವಣ ತೆರವನ್ನು ಮಾತ್ರ ಕಲ್ಲುಕಟ್ಟಡದಿಂದ ತುಂಬಲಾಗಿದೆ. ಬಾಗಿಲುಗಳು ಒಂದರ ನೇರಕ್ಕೊಂದು ಇಲ್ಲ. ಆನೆಯಾಗಲಿ ಕುದುರೆಯಾಗಲಿ ವೇಗವಾಗಿ ನುಗ್ಗದಂತೆ ಹಾದಿ ಅಂಕುಡೊಂಕಾಗಿ ತಿರುಗುತ್ತದೆ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದಾಗ ಹೆಚ್ಚುವರಿ ನೀರು ಅಕ್ಕತಂಗಿಯರ ಹೊಂಡಕ್ಕಿಳಿಯುತ್ತದೆ. ಎಣ್ಣೆಕೊಳ, ಮದ್ದು ಬೀಸುವ ಕಲ್ಲು ಮೊದಲಾದವು ದೀರ್ಘಕಾಲದ ಮುತ್ತಿಗೆಯನ್ನು ತಾಳಿಕೊಳ್ಳುವ ಸಿದ್ಧತೆಗಳು. ಇಂಥ ರಚನೆಯಲ್ಲಿ ಬಂಡೆಯ ನೈಸರ್ಗಿಕ ಬಿರುಕೇ ದುರ್ಬಲ ಸ್ಥಳ. ಶಿಲ್ಪಿ ಕಟ್ಟದೆ ಬಿಟ್ಟ ಆ ಬಿರುಕಿನಲ್ಲಿಯೇ ಕಥೆ ಹುಟ್ಟಿದೆ.

ಕಥೆಯ ವಿವರಗಳು ಆಕಸ್ಮಿಕವಲ್ಲ. ಕಿಂಡಿಯ ಮೂಲಕ ಯಾರೋ ಓಡಾಡುವುದನ್ನು ಹೈದರಾಲಿಯ ಸೈನಿಕರು ಗಮನಿಸುತ್ತಾರೆ. ಕೆಲವು ನಿರೂಪಣೆಗಳಲ್ಲಿ ಅವಳು ಮೊಸರು ಮಾರುವವಳು. ಅಂದರೆ ಮುತ್ತಿಗೆಯ ನಡುವೆಯೂ ಕೋಟೆಯ ಒಳಹೊರಗು ಪೂರ್ತಿ ಕಡಿದಿರಲಿಲ್ಲ. ಸೇನಾಪತಿಯ ಲೆಕ್ಕಕ್ಕೆ ಬಾರದ ದಾರಿಗಳು ಹೊಟ್ಟೆಪಾಡಿನವರಿಗೆ ಗೊತ್ತಿದ್ದವು. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಬರುತ್ತಾನೆ. ಅವನು ಉಣ್ಣುತ್ತಿರುವಾಗ ಹೆಂಡತಿ ನೀರಿಗೆ ಹೋಗುತ್ತಾಳೆ. ಕಿಂಡಿಯ ಹತ್ತಿರ ಇಂದಿಗೂ ತಣ್ಣೀರುದೋಣಿ ಇದೆ. ಕಾವಲು, ಊಟ, ನೀರು ಎಂಬ ಈ ಮೂರು ನಿತ್ಯಕ್ರಿಯೆಗಳು ಸೇರುವ ಗಳಿಗೆಯೇ ಕೋಟೆ ಕಾವಲಿಲ್ಲದೆ ಉಳಿಯುವ ಗಳಿಗೆ. ಕೈಗೆ ಸಿಕ್ಕ ಆಯುಧವೂ ಅಡುಗೆಮನೆಯ ಒನಕೆ. ಒಬ್ಬೊಬ್ಬರೇ ಬಗ್ಗಿ ನುಸುಳಬೇಕಾದ ಆ ಇಕ್ಕಟ್ಟಿನಲ್ಲಿ ಕತ್ತಿಗಿಂತ ಒನಕೆಯ ಪೆಟ್ಟೇ ಪರಿಣಾಮಕಾರಿ ಎಂಬುದನ್ನು ನಿರೂಪಕರು ಬಲ್ಲರು.

ಬರಹದ ಇತಿಹಾಸ ಹೇಳುವುದು ಬೇರೆ. 1779ರಲ್ಲಿ ದುರ್ಗ ಹೈದರನ ವಶವಾಯಿತು. ಅದಕ್ಕೆ ಒಳಗಿನವರ ದ್ರೋಹ ಕಾರಣವೆಂದು ಹೇಳಲಾಗುತ್ತದೆ. ಮದಕರಿನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟ. ಅಪಾರ ಸಂಖ್ಯೆಯ ಬೇಡರನ್ನೂ ಅಲ್ಲಿಗೆ ಸಾಗಿಸಲಾಯಿತು. ಕೋಟೆಯ ನೆನಪನ್ನು ಹೊತ್ತವರೇ ಹೀಗೆ ಚದುರಿದ ಮೇಲೂ ಐತಿಹ್ಯ ಉಳಿಯಿತೆಂಬುದು ವಿಚಾರಾರ್ಹ. ಹೆಬ್ಬಾಗಿಲು ದ್ರೋಹದಿಂದ ತೆರೆದುಕೊಂಡಿತೆಂಬ ಸೋಲಿನ ಕಥೆಗೆ, ಅತಿ ಕಿರಿದಾದ ಕಿಂಡಿಯನ್ನು ಅತಿ ಸಾಮಾನ್ಯಳೊಬ್ಬಳು ಕಾದಳೆಂಬುದು ಜನಪದರ ಮರುಮಾತು. ಓಬವ್ವ ಛಲವಾದಿ ಸಮುದಾಯದವಳೆಂಬ ನೆನಪು ಈ ಮರುಮಾತಿಗೆ ಮತ್ತಷ್ಟು ಮೊನಚು ಕೊಡುತ್ತದೆ. ವಂಶಾವಳಿಗಳಲ್ಲಿ ನಾಯಕರ ಹೆಸರುಗಳಿವೆ. ಕಹಳೆಯವನ ಹೆಸರು ಐತಿಹ್ಯದಲ್ಲಿ ಮಾತ್ರ ಇದೆ.

1972ರ ‘ನಾಗರಹಾವು’ ಚಲನಚಿತ್ರದ ಹಾಡು ಓಬವ್ವನನ್ನು ನಾಡಿನ ಮನೆಮನೆಗೆ ಮುಟ್ಟಿಸಿತು. 2021ರಿಂದ ನವೆಂಬರ್ 11ರಂದು ಸರ್ಕಾರಿ ಜಯಂತಿಯೂ ನಡೆಯುತ್ತಿದೆ. ಈ ಪ್ರಸಿದ್ಧಿಯನ್ನು ಹಳಿಯಬೇಕಾಗಿಲ್ಲ. ಆದರೆ ಒನಕೆಯೆತ್ತಿದ ಭಂಗಿ ಸ್ಥಿರವಾದಂತೆ ಮೊಸರಿನವಳು, ಊಟದ ಹೊತ್ತು, ನೀರಿನ ದೋಣಿ ಕಥೆಯಿಂದ ಕಳಚತೊಡಗಿವೆ. ಕ್ಷೇತ್ರಕಾರ್ಯದಲ್ಲಿ ಮೊದಲು ದಾಖಲಾಗಬೇಕಾದವು ಇವು. ಕಿಂಡಿಯ ಅಳತೆ, ದೋಣಿಗಿರುವ ದೂರ, ಕಾವಲು ನೆಲೆಯಿಂದ ಕಾಣುವ ಹರಹು ಇವನ್ನು ಪಾಠಾಂತರಗಳ ಜೊತೆಗಿಟ್ಟು ನೋಡುವ ಕೆಲಸವನ್ನು ವಾಸ್ತುತಜ್ಞರೂ ಜಾನಪದ ವಿದ್ವಾಂಸರೂ ಕೂಡಿ ಮಾಡಬೇಕಾಗಿದೆ.