ಒಂದು ಸಲ ಗುರುತು ಹೇಳಿದರೆ ಸಾಕು

ಮಾಕವಳ್ಳಿಯ ರೈತರು ಬೆಂಬಲ ಬೆಲೆಗೆ ರಾಗಿ ಕೊಡಲು ಹೋದರೆ ಮೊದಲು ಕೇಳುವುದು ರೈತರ ನೋಂದಣಿಯ ‘ಫ್ರೂಟ್ಸ್’ ಐಡಿ. ಆಧಾರ್, ಪಹಣಿ ಒಮ್ಮೆ ಜೋಡಿಸಿಟ್ಟರೆ ಕೃಷಿ, ತೋಟಗಾರಿಕೆ, ರೇಷ್ಮೆ ಇಲಾಖೆಗಳು ಅದನ್ನೇ ನೋಡುತ್ತವೆ. ಜೆರಾಕ್ಸ್ ಹೊರುವ ಕಷ್ಟ ಕಮ್ಮಿ. ಇದು ಕಂಪ್ಯೂಟರಿನ ಲಾಗಿನ್ ಅಲ್ಲ, ಆದರೆ ಒಮ್ಮೆ ಗುರುತು ಹೇಳಿದರೆ ಎಲ್ಲ ಕಡೆ ಸಾಕು ಎಂಬ ಆಸೆ ಅಲ್ಲೂ ಅದೇ.

ಕಂಪ್ಯೂಟರ್ ಜಾಲದಲ್ಲಿ ಆ ಆಸೆಗೆ ಚೆಂದದ ರೂಪ ಕೊಟ್ಟದ್ದು ಕರ್ಬೆರೋಸ್ ಎಂಬ ಲಾಗಿನ್ ವ್ಯವಸ್ಥೆ. ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಶುರುವಾದ ಅಥೀನಾ ಯೋಜನೆಯ ಕೂಸು. ಅದರ ಸೊಗಸು ನೋಡಿ: ಪಾಸ್‌ವರ್ಡ್ ಜಾಲದಲ್ಲಿ ಹಾಯುವುದೇ ಇಲ್ಲ! ಗುರುತು ಸಾಬೀತಾದರೆ ಒಂದು ಟಿಕೆಟ್ ಸಿಗುತ್ತದೆ; ಬಸ್ಸಿನ ದಿನದ ಪಾಸಿನಂತೆ ಅದಕ್ಕೆ ಅವಧಿಯುಂಟು. ಅದರ ಬಲದಲ್ಲೇ ಇಮೇಲ್, ಕಡತ, ಪ್ರಿಂಟರ್ ಎಲ್ಲವೂ. ಅವಧಿ ಮುಗಿದರೆ ಕದ್ದವನ ಕೈಯಲ್ಲೂ ಅದು ಬರೀ ಕಸ.

2002ರ ಸ್ಯಾಮ್ಲ್, 2005ರ ಓಪನ್‌ಐಡಿ ಎಂಬ ಪದ್ಧತಿಗಳು ಇಂಥದೇ ನಂಬಿಕೆಯನ್ನು ಜಾಲತಾಣಗಳ ನಡುವೆ ಹಂಚಿದವು. ನನಗೆ ಮಾತ್ರ ಹಳೆಯ ಕರ್ಬೆರೋಸೇ ಇಷ್ಟ.