ಸತ್ತವರೋ, ಊರು ಬಿಟ್ಟವರೋ: ಬೆಂಗಳೂರು ಪ್ಲೇಗಿನ ಅಂಕಿಗಳ ಓದು

1891ರಿಂದ 1901ರೊಳಗೆ ಬೆಂಗಳೂರಿನ ಜನಸಂಖ್ಯೆ 1,80,366ರಿಂದ 1,59,046ಕ್ಕೆ ಇಳಿಯಿತು, ಅಂದರೆ 21,320 ಕಡಿಮೆ. 1898ರ ಆಗಸ್ಟಿನಲ್ಲಿ ಪ್ಲೇಗ್ ಬಂತು, ಆದ್ದರಿಂದ ಅಷ್ಟು ಜನ ಸತ್ತರು ಎಂಬ ಓದು ನಮ್ಮ ಚರ್ಚೆಗಳಲ್ಲಿ ಸಲೀಸಾಗಿ ನುಸುಳುತ್ತದೆ. ನನ್ನ ತಕರಾರು ಆ ‘ಆದ್ದರಿಂದ’ದ ಮೇಲೆ.

ಇಂಗ್ಲೆಂಡಿನಲ್ಲಿ 1837ರಲ್ಲಿ ನಾಗರಿಕ ನೋಂದಣಿ ಶುರುವಾಯಿತು. ಆ ನೋಂದಣಿ ಜಿಲ್ಲೆಗಳ ಮರಣಪ್ರಮಾಣವನ್ನು ಹೋಲಿಸಿ ನೋಡುವ ಕ್ರಮವನ್ನು ವಿಲಿಯಂ ಫಾರ್ ಬೆಳೆಸಿದರು. ಆ ಅಳತೆಗೆ ಮೂರು ವಿಷಯ ಗೊತ್ತಿರಬೇಕು: ಸತ್ತವರೆಷ್ಟು, ಇದ್ದವರೆಷ್ಟು, ಎಲ್ಲೆ ಯಾವುದು. ಬೆಂಗಳೂರಿನಲ್ಲಿ ಮೂರೂ ಅಲುಗಾಡುತ್ತವೆ.

ಎಲ್ಲೆಯನ್ನೇ ನೋಡಿ. ಪೇಟೆ ಮೈಸೂರು ಸರ್ಕಾರದ್ದು, ದಂಡು ಬ್ರಿಟಿಷರದ್ದು. ಪುರಸಭೆ ಎರಡು, ದಫ್ತರವೂ ಎರಡು. ರೋಗಿಗಳನ್ನು ಊರಾಚೆ ಶಿಬಿರಗಳಿಗೆ ಸಾಗಿಸ್ತಾರೆ ಅನ್ನೋ ಭಯಕ್ಕೆ ಸಾವನ್ನು ಮುಚ್ಚಿಟ್ಟವರಿದ್ದರು, ಮನೆಗೆ ಬೀಗ ಹಾಕಿ ಹಳ್ಳಿ ಸೇರಿದವರೂ ಇದ್ದರು. ಮುಚ್ಚಿಟ್ಟ ಸಾವು ಪುಸ್ತಕಕ್ಕೆ ಬರಲಿಲ್ಲ. ಹಳ್ಳಿಯಿಂದ ವಾಪಸಾಗದವರು ಬದುಕಿದ್ದೂ 1901ರ ಮಾರ್ಚ್ 1ರ ಗಣತಿಯಲ್ಲಿ ಬೆಂಗಳೂರಿನವರಾಗಲಿಲ್ಲ. ಒಂದು ತಪ್ಪು ಸಾವನ್ನು ಕಡಿಮೆ ತೋರಿಸುತ್ತದೆ, ಇನ್ನೊಂದು ಹೆಚ್ಚು. ಎರಡೂ ಸೇರಿ ಸರಿಹೋಗುತ್ತೆ ಅಂತ ನಂಬೋಕೆ ಕಾರಣವಿಲ್ಲ.

ಬಿಡಿಸಿ ನೋಡಿದರೆ ಪೇಟೆ 80,285ರಿಂದ 69,447ಕ್ಕೆ, ದಂಡು 1,00,081ರಿಂದ 89,599ಕ್ಕೆ ಬಂದಿದೆ: ಶೇಕಡಾ 13.5 ಮತ್ತು 10.5ರ ಇಳಿಕೆ. ದಂಡಿನ ನೈರ್ಮಲ್ಯ ಮೇಲು ಅನ್ನೋದಕ್ಕೆ ಇದೇ ಸಾಕ್ಷಿಯೇ? ನನಗೆ ಒಪ್ಪಿಗೆಯಿಲ್ಲ. ಪೇಟೆಯ ಎಷ್ಟೋ ಮನೆಗಳಿಗೆ ಹತ್ತಿರದಲ್ಲೇ ಹಳ್ಳಿಯ ನಂಟಿತ್ತು. ದಂಡಿನ ತಮಿಳು ಕೆಲಸಗಾರರಿಗೆ ಊರು ದೂರ. ಓಡಿಹೋಗಲು ಜಾಗ ಇಲ್ಲದ್ದನ್ನೇ ನಾವು ಚರಂಡಿಯ ಒಳ್ಳೆಯತನ ಅಂತ ಓದುತ್ತಿರಬಹುದು.

ಜನನದ ಕಡೆ ಇನ್ನೂ ಕಷ್ಟ. ಹೆರಿಗೆಗೆ ಹೆಣ್ಣು ತವರಿಗೆ ಹೋಗ್ತಾಳೆ, ಬಾಣಂತನ ಅಲ್ಲೇ. ಮಗು ಹಳ್ಳಿಯಲ್ಲಿ ಹುಟ್ಟಿ, ಪೇಟೆಗೆ ಬಂದ ಮೇಲೆ ತೀರಿಕೊಂಡರೆ, ಪೇಟೆಯ ಪುಸ್ತಕದಲ್ಲಿ ಸಾವು ಮಾತ್ರ ಉಳಿಯುತ್ತದೆ. ಶಿಶುಮರಣದ ಪ್ರಮಾಣ ಅಷ್ಟರಮಟ್ಟಿಗೆ ಉಬ್ಬುತ್ತದೆ. ಪುಸ್ತಕದ ಎಲ್ಲೆ ಭೂಮಿಯದ್ದೇ ಆಗಬೇಕೆಂದೂ ಇಲ್ಲ. ನಾನಿರುವ ಕುಂಕಳ್ಳಿಯ ಚರ್ಚು ಆರೋಗ್ಯಮಾತೆಯ ಹೆಸರಿನದು. ಚರ್ಚುಗಳ ಪುಸ್ತಕದಲ್ಲಿ ಬರೆದದ್ದು ದೀಕ್ಷಾಸ್ನಾನ ಮತ್ತು ಸಮಾಧಿ. ಪಕ್ಕದ ಹಿಂದೂ ಮನೆಯ ಮಗು ಹುಟ್ಟಿದ್ದೂ ಅಲ್ಲಿಲ್ಲ, ಹೋದದ್ದೂ ಇಲ್ಲ. ಅದನ್ನು ಊರಿನ ಲೆಕ್ಕ ಅನ್ನೋದು ಹೇಗೆ?

ಹಾಗಂತ ಅಂಕಿಗಳನ್ನೇ ಬಿಸಾಡಿ ಅಂತಿಲ್ಲ. 1911ರ ಗಣತಿಯನ್ನೂ ಪಕ್ಕದಲ್ಲಿಡಿ: ಪೇಟೆ 88,651, ದಂಡು 1,00,834. ಹತ್ತು ವರ್ಷದಲ್ಲಿ ಪೇಟೆ ಶೇಕಡಾ 27ಕ್ಕೂ ಹೆಚ್ಚು ಬೆಳೆದರೆ ದಂಡು ಬೆಳೆದದ್ದು 12.5 ಮಾತ್ರ. ಹೊಸದಾಗಿ ವಲಸೆ ಬಂದವರೂ ಇದರಲ್ಲಿದ್ದಾರೆ, ನಿಜ. ಆದರೆ ಹೆಚ್ಚು ಖಾಲಿಯಾದ ಕಡೆಯೇ ಬೇಗ ತುಂಬಿಕೊಂಡಿದೆ. ಆ 21,320ರಲ್ಲಿ ಬೀಗ ತೆಗೆಯಲು ವಾಪಸು ಬಂದವರೆಷ್ಟು ಅನ್ನೋದನ್ನು ಮೊದಲು ಕೇಳಿಕೊಳ್ಳೋಣ. ಪ್ರಶ್ನೆಗಳಿದ್ದರೆ ಈಗ ತೆಗೆದುಕೊಳ್ತೇನೆ.